ಬಾಣಂತಿಯ ನೀರು

“ಪುನಃ ದನ!” ಎಂದು ಜುವೈರಿಯಾ ಬೆನ್ನ ಹಿಂದಿನಿಂದ ಕೂಗಿದಳು.

ವಿಜೇತಾ ತಿರುಗಲಿಲ್ಲ. ಮೂಡುಬಿದಿರೆಯ ಆ ನರ್ಸಿಂಗ್ ಕಾಲೇಜಿನ ಗ್ರಂಥಾಲಯದಲ್ಲಿದ್ದ ಎರಡೇ ಎರಡು ಕಂಪ್ಯೂಟರುಗಳನ್ನು ಅವರು ಬೆನ್ನಿಗೆ ಬೆನ್ನು ಬರುವ ಹಾಗೆ ಸರಿಸಿಕೊಂಡಿದ್ದರು. ಒಂದೇ ಲೇಖನವನ್ನು ಇಬ್ಬರೂ ಬೇರೆಬೇರೆಯಾಗಿ ಓದಿ, ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂದು ಗುರುತು ಹಾಕಬೇಕು. ಒಬ್ಬಳ ಗುರುತು ಇನ್ನೊಬ್ಬಳಿಗೆ ತಿಳಿಯಬಾರದು. ಸಿಸ್ಟಮ್ಯಾಟಿಕ್ ರಿವ್ಯೂ ಎಂದರೆ ಹಾಗೆ. ಒಂದು ಪ್ರಶ್ನೆ ಹಿಡಿದು, ಅದರ ಬಗ್ಗೆ ಲೋಕದಲ್ಲಿ ಯಾರು ಎಲ್ಲಿ ಪರೀಕ್ಷೆ ಮಾಡಿ ಬರೆದಿದ್ದರೂ ಒಂದನ್ನೂ ಬಿಡದೆ ಹೆಕ್ಕಿ ತಂದು ಜರಡಿ ಹಿಡಿಯುವುದು. ವಿಜೇತಾಳ ಎಂ.ಎಸ್ಸಿ. ಪ್ರಬಂಧಕ್ಕೆ ಜುವೈರಿಯಾ ಎರಡನೆಯ ಜೋಡಿ ಕಣ್ಣು.

“ಹಾಗೆ ಕೂಗ್ಬಾರ್ದು ಮಾರಾಯ್ತಿ. ನನಗೆ ಗೊತ್ತಾಗ್ತದಲ್ಲ.”

“ದನಕ್ಕೆಂತ ಗುಟ್ಟು? ನೀನು ದನವನ್ನು ಇಟ್ಕೊಳ್ತೀಯಾ?”

ಪ್ರಶ್ನೆ ಸಣ್ಣದು. ಹೆತ್ತ ಹೆಂಗಸಿಗೆ ಕುಡಿಯುವ ನೀರು ಕಡಿಮೆ ಮಾಡಿದರೆ ಅವಳಿಗೆ ಒಳ್ಳೆಯದಾಗುತ್ತದೆಯೇ, ಕೆಟ್ಟದಾಗುತ್ತದೆಯೇ? ಆ ವರ್ಷವಷ್ಟೇ ಕಾಲೇಜಿಗೆ ಬ್ರಾಡ್‌ಬ್ಯಾಂಡ್ ಬಂದಿತ್ತು. ಹೆರಿಗೆ, ಮೊಲೆಹಾಲು, ನೀರು ಎಂದು ಇಂಗ್ಲಿಷಿನಲ್ಲಿ ಕೇಳಿದ ಕೂಡಲೇ ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಭಂಡಾರ ತನ್ನ ಹಟ್ಟಿಯ ಬಾಗಿಲು ತೆರೆದು ದನಗಳನ್ನು ಹೊರಗೆ ಬಿಡುತ್ತಿತ್ತು. ಕರು ಹಾಕಿದ ದನ ಎಷ್ಟು ನೀರು ಕುಡಿದರೆ ಎಷ್ಟು ಹಾಲು, ಬೆಚ್ಚಗಿನದು ಇಟ್ಟರೆ ಏನು, ತಣ್ಣಗಿನದು ಇಟ್ಟರೆ ಏನು. ದನದ ಹಿಂದೆ ಆಡು, ಮರಿ ಹಾಕಿದ ಹಂದಿ, ಎಲ್ಲೋ ಮರಳುಗಾಡಿನ ಒಂಟೆ. ‘ಮನುಷ್ಯರು ಮಾತ್ರ’ ಎಂದು ಒತ್ತಿದರೆ ಇವೆಲ್ಲ ಮಾಯವಾಗುತ್ತಿದ್ದವು. ಆದರೆ ಮನುಷ್ಯರದ್ದೋ ಪ್ರಾಣಿಗಳದ್ದೋ ಎಂದು ಇನ್ನೂ ಗುರುತು ಬೀಳದ ಹೊಸ ಲೇಖನಗಳೂ ಜೊತೆಗೇ ಹೋಗುತ್ತಿದ್ದವು. ಅವುಗಳಲ್ಲಿ ತನಗೆ ಬೇಕಾದದ್ದು ಒಂದಿದ್ದರೆ? ಆದ್ದರಿಂದ ವಿಜೇತಾ ಅದನ್ನು ಒತ್ತಲಿಲ್ಲ. ದನಗಳನ್ನು ಒಂದೊಂದಾಗಿ ದಾಟಿಸುತ್ತ ಕೂತಳು.

ಪಬ್‌ಮೆಡ್ ಮುಗಿದ ಮೇಲೆ ಇನ್ನೊಂದು ಭಂಡಾರ, ಅದು ಮುಗಿದ ಮೇಲೆ ಮತ್ತೊಂದು. ಕೊನೆಗೆ ಇಬ್ಬರೂ ಕುರ್ಚಿ ತಿರುಗಿಸಿ ಎದುರುಬದುರಾದರು. ಗುರುತುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

“ನಿನ್ನಲ್ಲಿ ಎಷ್ಟು ಉಳೀತು?”

“ನಿನ್ನಲ್ಲಿ?”

ಜುವೈರಿಯಾ ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಸೊನ್ನೆ ತೋರಿಸಿದಳು. ವಿಜೇತಾಳಿಗೆ ನಗು ಬರಬಹುದೆಂದು ಕಾದಳು. ಬರದಿದ್ದಾಗ ದನಿ ತಗ್ಗಿಸಿ, “ನನ್ನ ಕನ್ಯಾನದ ಮಾಮಿಯಂದಿರನ್ನು ಕೇಳಿದ್ರೆ ಒಬ್ಬೊಬ್ಬರೂ ಒಂದೊಂದು ಪುಸ್ತಕ ಆಗುವಷ್ಟು ಹೇಳ್ತಾರೆ. ಅದೆಲ್ಲ ಇದರಲ್ಲಿ ಇಲ್ವಲ್ಲ” ಎಂದಳು.

ಪ್ರಶ್ನೆ ಹುಟ್ಟಿದ್ದು ಕಾಲೇಜಿನಲ್ಲಲ್ಲ, ಅಳದಂಗಡಿಯ ಮನೆಯ ಬಚ್ಚಲಿನಲ್ಲಿ. ಅಕ್ಕ ರಾಜೀವಿಯ ಮೊದಲ ಬಾಣಂತನದಲ್ಲಿ ಸೇಸಮ್ಮಜ್ಜಿ ಹಂಡೆಗಟ್ಟಲೆ ಬಿಸಿನೀರನ್ನು ಅವಳ ಮೈಮೇಲೆ ಹೊಯ್ಯುತ್ತಿದ್ದಳು. ಮೈಯ ಒಳಗೆ ಮಾತ್ರ ಒಂದು ಲೋಟ ಹೋಗಲು ಬಿಡುತ್ತಿರಲಿಲ್ಲ. ಬಾಯಾರಿದೆ ಎಂದರೆ ಕಾಳುಮೆಣಸಿನ ಕಷಾಯ ಒಂದು ಗುಟುಕು. ನೀರು ಕುಡಿದರೆ ಹೊಟ್ಟೆ ಉಬ್ಬುತ್ತದೆ, ಗರ್ಭಕೋಶದ ಗಾಯ ಒಣಗುವುದಿಲ್ಲ, ಮಗುವಿಗೆ ಶೀತ. ಒಂದು ದಿನ ತಲೆಗೆ ನೀರು ಹೊಯ್ಯುವಾಗ ಅಕ್ಕ ಮುಖ ಮೇಲೆತ್ತಿ ಬಾಯಿ ತೆರೆದಳು. ಅಜ್ಜಿ ಅವಳ ನೆತ್ತಿಗೆ ಕೈಯಿಟ್ಟು ಮುಖವನ್ನು ಕೆಳಗೆ ಒತ್ತಿದಳು. ಹಂಡೆಯ ಒಲೆಗೆ ಸೌದೆ ನೂಕಲು ಬಂದಿದ್ದ ವಿಜೇತಾ ಅದನ್ನು ನೋಡಿದ್ದಳು.

ಅವಳು ಆ ಅಜ್ಜಿಯ ಮಡಿಲಲ್ಲೇ ಕಥೆ ಕೇಳಿ ಬೆಳೆದವಳು. ಕಾಡುಪಾಲಾದ ರಾಣಿ ಮರದಡಿ ಹೆರುತ್ತಿದ್ದಳು, ಹುಲಿ ಕಾವಲು ಕೂರುತ್ತಿತ್ತು, ಏಳು ಹೆಡೆಯ ಸರ್ಪ ನೆರಳು ಹಿಡಿಯುತ್ತಿತ್ತು. ಆ ರಾಣಿಗೆ ಬಾಯಾರಿತು ಎಂದು ಮಾತ್ರ ಅಜ್ಜಿ ಒಮ್ಮೆಯೂ ಹೇಳಿರಲಿಲ್ಲ.

ಬಚ್ಚಲಿನ ಆ ದಿನವೇ ವಿಜೇತಾ ತನ್ನ ಪಠ್ಯಪುಸ್ತಕ ತಂದು ಅಜ್ಜಿಗೆ ಓದಿ ಹೇಳಿದಳು. ‘ಬಾಣಂತಿಗೆ ಸಾಕಷ್ಟು ನೀರು ಕುಡಿಯಲು ಹೇಳಬೇಕು.’ ಒಂದೇ ಸಾಲು.

“ಅದು ಬರೆದವನು ಯಾರಿಗೆ ಕೊಟ್ಟು ನೋಡಿದ್ದಾನಂತೆ?” ಎಂದಳು ಅಜ್ಜಿ. “ಕೊಡದೆ ಯಾರನ್ನು ನೋಡಿದ್ದಾನಂತೆ? ನಾನು ಏಳು ಹೆತ್ತವಳು ಮಗಾ. ನಿನ್ನ ಅಮ್ಮನೂ ಹಾಗೇ ಹೆತ್ತದ್ದು. ಕೊಟ್ಟು ನೋಡಿ, ಕೊಡದೆಯೂ ನೋಡಿ ಬರೆದವರು ಯಾರಾದರೂ ಇದ್ದರೆ ತೋರಿಸು. ಇವಳ ಮುಂದಿನ ಬಾಣಂತನದಲ್ಲಿ ನಾನೇ ಕೈಯಾರೆ ಕುಡಿಸ್ತೇನೆ.”

ಆ ಸಾಲಿನ ಕೆಳಗೆ ಯಾವ ಆಧಾರವೂ ಇರಲಿಲ್ಲ. ವಿಜೇತಾ ಪುಸ್ತಕ ಮುಚ್ಚಿದಳು. ಈಗ ಮುಂದಿನ ಬಾಣಂತನ ಬಂದಿತ್ತು. ದೊಡ್ಡ ಮಗಳನ್ನು ಗಂಡನ ಮನೆಯಲ್ಲಿ ಬಿಟ್ಟು ರಾಜೀವಿ ಅಳದಂಗಡಿಯಲ್ಲಿ ಮಲಗಿದ್ದಳು. ತುಟಿ ಒಡೆದಿತ್ತು, ಮೂತ್ರಕ್ಕೆ ಹೋದರೆ ಉರಿ. “ಬೇಗ ಹುಡುಕು” ಎಂದು ಫೋನಿನಲ್ಲಿ ಹೇಳಿದ್ದಳು. ಮತ್ತೆ ತಾನೇ ನಕ್ಕಿದ್ದಳು.

ಗೈಡ್ ಹಿಲ್ಡಾ ಮೇಡಂ ಹಾಳೆಗಳನ್ನು ತಿರುವಿ ಹಾಕಿದರು. ಅವರು ಒಳ್ಳೆಯವರು. ಮಕ್ಕಳು ಫೇಲಾಗಬಾರದು, ಅಷ್ಟೇ ಅವರಿಗೆ ಬೇಕಾದದ್ದು.

“ಸೊನ್ನೆ ತಗೊಂಡು ಕಮಿಟಿ ಎದುರು ಹೋಗ್ಲಿಕ್ಕೆ ಆಗ್ತದಾ? ಟೇಬಲ್ ಎಲ್ಲಿ? ಗ್ರಾಫ್ ಎಲ್ಲಿ? ಒಂದು ಕೆಲಸ ಮಾಡುವ. ಪ್ರಶ್ನೆ ಸ್ವಲ್ಪ ಅಗಲ ಮಾಡು. ಸಿಸೇರಿಯನ್ ಆದವರಿಗೆ ಆಸ್ಪತ್ರೆಯಲ್ಲಿ ಬಾಯಿಗೆ ಮೊದಲು ನೀರು ಕೊಡುವುದು ಯಾವಾಗ ಅಂತ ಬೇಕಾದಷ್ಟು ಟ್ರಯಲ್ ಉಂಟು. ಅದೂ ನೀರೇ, ಅವರೂ ಬಾಣಂತಿಯರೇ.”

“ಅದು ಕೆಲವು ಗಂಟೆಗಳ ಮಾತು ಮೇಡಂ. ಇದು ಮನೆಯಲ್ಲಿ, ನಲವತ್ತು ದಿನದ್ದು.”

“ಓದುವವರಿಗೆ ಅಷ್ಟು ಗೊತ್ತಾಗುವುದಿಲ್ಲ.”

“ಹುಡುಕುವ ಮೊದಲು ಬರೆದಿಟ್ಟ ಪ್ರಶ್ನೆ ಅದು. ಉತ್ತರ ಸಿಗಲಿಲ್ಲ ಅಂತ ಪ್ರಶ್ನೆ ಬದಲಿಸಿದ್ರೆ ಮತ್ತೆ ಹುಡುಕಿದ್ದು ಯಾಕೆ?”

ಮೇಡಂ ಕನ್ನಡಕ ತೆಗೆದರು. “ವಿಜೇತಾ, ನಾನು ನಿನ್ನ ಒಳ್ಳೇದಕ್ಕೆ ಹೇಳುವುದು. ಶನಿವಾರ ಕಮಿಟಿ ಒಪ್ಪದಿದ್ರೆ ಪರೀಕ್ಷೆ ಆರು ತಿಂಗಳು ಮುಂದೆ ಹೋಗ್ತದೆ. ಅಜ್ಜಿ ಹತ್ರ ಪಂಥ ಕಟ್ಟಿದ್ದಕ್ಕೆಲ್ಲ ಪ್ರಬಂಧ ಬರೆಯುವುದಲ್ಲ.”

“ಪಂಥದಲ್ಲಿ ನಾನು ಸೋತಾಯ್ತು ಮೇಡಂ. ಸೋತದ್ದನ್ನಾದ್ರೂ ಸರಿಯಾಗಿ ಬರೀತೇನೆ.”

ಶನಿವಾರ ಬೆಳಿಗ್ಗೆ ಜುವೈರಿಯಾ ಅವಳ ಸೀರೆಯ ನೆರಿಗೆ ಹಿಡಿದು ಕೂತಿದ್ದಳು. “ಒಂದೇ ಒಂದು ಸಿಸೇರಿಯನ್ ಸೇರಿಸ್ತೀಯಾ? ನಾನು ಯಾರಿಗೂ ಹೇಳುವುದಿಲ್ಲ” ಎಂದು ಕೆಣಕಿದಳು. “ಎರಡು ಕಣ್ಣು ನಿನ್ನದೂ ಉಂಟಲ್ಲ ಇದರಲ್ಲಿ” ಎಂದಳು ವಿಜೇತಾ. “ಉಂಟು, ಉಂಟು. ಆ ದನಗಳನ್ನು ನೋಡಿ ನೋಡಿ ನನ್ನದೂ ದನದ ಕಣ್ಣಿನ ಹಾಗೇ ಆಗಿದೆ.” ಜುವೈರಿಯಾ ಪಿನ್ನು ಚುಚ್ಚಿ ಎದ್ದಳು.

ಕಮಿಟಿಯ ಕೋಣೆಯಲ್ಲಿ ಮೀಸೆಯ ಡಾಕ್ಟರು ನಡುವಿನ ಕುರ್ಚಿಯಲ್ಲಿದ್ದರು. ಅತ್ತ ಇಬ್ಬರು, ಇತ್ತ ಹಿಲ್ಡಾ ಮೇಡಂ. ವಿಜೇತಾ ಪ್ರೊಜೆಕ್ಟರಿನಲ್ಲಿ ಗೋಡೆಯ ಮೇಲೆ ಮೊದಲು ತಾನು ಹುಡುಕಿದ ಪದಗಳನ್ನು ತೋರಿಸಿದಳು, ಆಮೇಲೆ ಹುಡುಕಿದ ಭಂಡಾರಗಳನ್ನು, ಆಮೇಲೆ ಬಿಟ್ಟ ಲೇಖನಗಳನ್ನು ಯಾಕೆ ಬಿಟ್ಟೆ ಎಂಬುದನ್ನು. ಕೊನೆಯ ಚೌಕದಲ್ಲಿ ದೊಡ್ಡದಾಗಿ ಒಂದು ಸೊನ್ನೆ.

“ಮುಂದಿನದು?” ಎಂದರು ಡಾಕ್ಟರು.

“ಇಷ್ಟೇ ಸರ್.”

ಒಬ್ಬರು ಕೆಮ್ಮಿದರು. ಡಾಕ್ಟರು ಕಮಿಟಿಯ ಕಡೆಗೆ ತಿರುಗಿ, “ದನದ ಬಗ್ಗೆ ಇಷ್ಟು ಓದಿದ್ದಾರಲ್ಲ, ಇವರಿಗೆ ವೆಟರ್ನರಿಯಲ್ಲಿ ಡಿಗ್ರಿ ಕೊಡಿಸುವ” ಎಂದರು. ನಗು ಮೇಜಿನ ಆಚೆ ಬದಿಗೂ ಹೋಗಿ ಬಂತು.

ನಗು ನಿಲ್ಲುವ ತನಕ ವಿಜೇತಾ ಕಾದಳು.

“ದನಕ್ಕೆ ನೀರು ಕೊಟ್ಟು, ಕೊಡದೆ, ಅಳೆದು ಬರೆದವರು ಇದ್ದಾರೆ ಸರ್. ಹೆಂಗಸಿಗೆ ಹಾಗೆ ನೋಡಿದವರು ಇಲ್ಲ. ನಮ್ಮ ಊರಿನ ಮನೆಮನೆಯಲ್ಲಿ ನಡೆಯುವುದು, ನಿಮ್ಮ ಮನೆಯಲ್ಲೂ ನಡೆದಿರಬಹುದು. ಇಷ್ಟು ಹುಡುಕಿದರೂ ಇಲ್ಲ ಅನ್ನುವುದೇ ನನ್ನ ರಿಸಲ್ಟ್.”

“ಸೊನ್ನೆ ರಿಸಲ್ಟ್ ಆಗುವುದಿಲ್ಲ ಅಮ್ಮಾ. ನೀವು ಎಂತದೂ ಮಾಡಲಿಲ್ಲ ಅಂತ ಅದರ ಅರ್ಥ.”

“ಆ ಸೊನ್ನೆ ನನ್ನದಲ್ಲ ಸರ್.”

ಹಿಲ್ಡಾ ಮೇಡಂ ಮೇಜಿನ ಮೇಲಿನ ಪೆನ್ನನ್ನು ಸರಿಪಡಿಸಿದರು. ಡಾಕ್ಟರು ನಗುವುದನ್ನು ಬಿಟ್ಟಿದ್ದರು. “ಪ್ರಶ್ನೆ ಬದಲಿಸ್ತೀರಾ? ಇವತ್ತೇ ಹೇಳಿ, ಒಂದು ತಿಂಗಳು ಕೊಡ್ತೇವೆ.”

“ಇಲ್ಲ.”

“ಹಾಗಾದ್ರೆ ಆರು ತಿಂಗಳು ಕಳೆದು ಬನ್ನಿ.”

“ಬರ್ತೇನೆ ಸರ್. ಇದೇ ಪ್ರಶ್ನೆ ತರ್ತೇನೆ. ಅಷ್ಟರಲ್ಲಿ ಯಾರಾದರೂ ಬರೆದಿದ್ದಾರಾ ಅಂತ ಮೊದಲಿನಿಂದ ಪುನಃ ಹುಡುಕ್ತೇನೆ.”

ಹೊರಗೆ ಹಿಲ್ಡಾ ಮೇಡಂ ಅವಳನ್ನು ದಾಟಿ ಹೋಗುತ್ತ, “ಹಠಮಾರಿ” ಎಂದಷ್ಟೇ ಹೇಳಿದರು.

ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಅವಳು ಅಳದಂಗಡಿ ತಲುಪುವಾಗ ಬಿಸಿಲು ಇಳಿಮುಖವಾಗಿತ್ತು. ಅಮ್ಮ ಹಾಲು ಕೊಡಲು ಸೊಸೈಟಿಗೆ ಹೋಗಿದ್ದಳು. ಬಾಣಂತಿ ಕೋಣೆಯಲ್ಲಿ ಬೆಳ್ಳುಳ್ಳಿ, ಎಣ್ಣೆ, ಹೊಗೆಯ ವಾಸನೆ. ಅಕ್ಕ ತೊಡೆಯ ಮೇಲೆ ಮಗುವನ್ನಿಟ್ಟುಕೊಂಡು ಗೋಡೆಗೆ ಒರಗಿದ್ದಳು. ತಲೆಗೆ ಬಿಗಿದ ಬಟ್ಟೆಯ ಕೆಳಗೆ ಅವಳ ಮುಖ ಕಳೆದ ವಾರಕ್ಕಿಂತ ಸಣ್ಣದಾಗಿ ಕಂಡಿತು. ಬಾಗಿಲ ಬಳಿ ಚಾಪೆಯಲ್ಲಿ ಸೇಸಮ್ಮಜ್ಜಿ ಕಾಲು ನೀಡಿ ಕೂತಿದ್ದಳು.

“ಸಿಕ್ಕಿತಾ?” ಎಂದಳು ಅಜ್ಜಿ, ಚಪ್ಪಲಿ ಕಳಚುವ ಮೊದಲೇ.

ಸುಳ್ಳು ಹೇಳುವುದು ಬಹಳ ಸುಲಭವಿತ್ತು. ಇಂಗ್ಲಿಷಿನ ಯಾವುದಾದರೂ ಒಂದು ಹಾಳೆ ತೋರಿಸಿ, ಇದೋ ಅಜ್ಜಿ, ಅಮೆರಿಕದಲ್ಲಿ ಕೊಟ್ಟು ನೋಡಿದ್ದಾರೆ ಎಂದರೆ ಮುಗಿಯುತ್ತಿತ್ತು. ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸಿದ್ದಳು. ಚೀಲದಲ್ಲಿ ದನದ ಲೇಖನಗಳೇ ಬೇಕಾದಷ್ಟಿದ್ದವು.

“ಇಲ್ಲ ಅಜ್ಜಿ.”

“ಹ್ಞಾಂ!” ಅಜ್ಜಿ ತೊಡೆ ತಟ್ಟಿಕೊಂಡಳು. “ನಾನು ಅವತ್ತೇ ಹೇಳಿದ್ದೆ. ಅಷ್ಟು ದೊಡ್ಡ ಕಾಲೇಜು, ಅಷ್ಟು ದೊಡ್ಡ ಕಂಪ್ಯೂಟರು. ಇದ್ದರಲ್ಲವಾ ಸಿಗುವುದು?”

“ಕೊಡಬಾರದು ಅಂತಲೂ ಸಿಗಲಿಲ್ಲ.”

“ಅದು ಹೇಳ್ಲಿಕ್ಕೆ ನಾನಿದ್ದೇನಲ್ಲ. ಕಂಪ್ಯೂಟರು ಯಾಕೆ?”

“ನೀವು ಕೊಡದೆ ನೋಡಿದ್ದು ಮಾತ್ರ ಅಜ್ಜಿ. ಕೊಟ್ಟು ನೋಡ್ಲಿಲ್ಲ.”

“ಕೊಟ್ಟು ಏನಾದ್ರೂ ಆದ್ರೆ? ನೀನು ನೋಡ್ತೀಯಾ? ಸೋಮವಾರ ಬೆಳಿಗ್ಗೆ ಬಸ್ಸು ಹತ್ತಿ ಹೋಗುವವಳು ನೀನು. ಎದ್ದು ನೀರು ಹೊಯ್ಯುವವಳು ನಾನು.”

ಗೋಡೆಯ ಕಡೆಯಿಂದ ಅಕ್ಕ ಮಾತಾಡಿದಳು. ಒಣಗಿದ ಬಾಯಿಯಲ್ಲಿ ನಾಲಿಗೆ ಅಂಟಿಕೊಂಡು ಮಾತು ತಡೆದು ತಡೆದು ಬರುತ್ತಿತ್ತು.

“ಅಷ್ಟು ದೇಶ ಹುಡುಕಿದೆಯಲ್ಲ. ಒಬ್ಬಳೂ ಇಲ್ವಾ? ಹೆತ್ತ ಒಬ್ಬಳನ್ನೂ ಕೂರಿಸಿ ನೋಡ್ಲಿಲ್ವಾ ಯಾರೂ?”

“ಇಲ್ಲ ಅಕ್ಕ. ಇಬ್ಬರು ಕೂತು ಹುಡುಕಿದೆವು. ಅದಕ್ಕೇ ಇವತ್ತು ನನ್ನನ್ನು ವಾಪಸು ಕಳಿಸಿದ್ರು. ಆರು ತಿಂಗಳು ಹೋಯ್ತು.”

“ಹೌದಾ” ಎಂದಳು ಅಕ್ಕ. “ಬೇರೆ ಎಂತಾದ್ರೂ ಬರೀಬಹುದಿತ್ತು.”

“ಬರೀಬಹುದಿತ್ತು.”

ರಾಜೀವಿ ತಂಗಿಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಗೋಡೆಗೆ ಕೈಯೂರಿ, ಹೊಲಿಗೆ ಎಳೆಯದ ಹಾಗೆ ಒಂದು ಮಗ್ಗುಲಿನಿಂದ ನಿಧಾನವಾಗಿ ಎದ್ದಳು. ಮಗುವನ್ನು ಎತ್ತಿಕೊಂಡು ಚಾಪೆಯ ತನಕ ಬಂದು, ಬಾಗಿ, ಅಜ್ಜಿಯ ನೀಡಿದ ಕಾಲುಗಳ ಮೇಲೆ ಮಲಗಿಸಿದಳು.

“ಸ್ವಲ್ಪ ಹಿಡ್ಕೊಳ್ಳಿ ಅಜ್ಜಿ. ಈಗಷ್ಟೇ ನಿದ್ರೆ ಹತ್ತಿದ್ದು.”

“ನೀನೆಲ್ಲಿಗೆ?”

ರಾಜೀವಿ ಹೊಸ್ತಿಲು ದಾಟಿದ್ದಳು. ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದ ಸದ್ದು. ಅಜ್ಜಿ ಏಳಲು ನೋಡಿದಳು. ಮಗು ಹುಬ್ಬು ಗಂಟಿಕ್ಕಿ ಮುಷ್ಟಿ ಬಿಚ್ಚಿ ಬಿಗಿಯಿತು. “ಏ ರಾಜೀ...” ಎಂದು ಏರಿದ ದನಿ ನಡುವಿನಲ್ಲೇ ನಿಂತಿತು. ಅಜ್ಜಿ ವಿಜೇತಾಳ ಕಡೆಗೆ ನೋಡಿದಳು. ವಿಜೇತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು, ಮಗುವಿಗಾಗಿ ಕೈ ಚಾಚಲಿಲ್ಲ.

ಒಳಗೆ ಲೋಟ ನೀರಿಗೆ ಇಳಿಯಿತು. ಆಮೇಲೆ ಏನೂ ಕೇಳಿಸಲಿಲ್ಲ. ಲೋಟ ಮತ್ತೊಮ್ಮೆ ಇಳಿಯಿತು.

ಅಜ್ಜಿ ಕಣ್ಣನ್ನು ಅಡುಗೆಮನೆಯ ಬಾಗಿಲಲ್ಲೇ ನೆಟ್ಟು, ಒಂದು ಕೈಯಿಂದ ಮಗುವಿನ ಎದೆಯನ್ನು ಮೆಲ್ಲಗೆ ತಟ್ಟುತ್ತಲೇ ಇದ್ದಳು.