ಇನ್ನೂರ ಹನ್ನೆರಡನೇ ಎಪಿಸೋಡಿನ ರಿವ್ಯೂ

ಹಿಟ್ಟಿನ ಡಬ್ಬಿಯ ಮೇಲೆ ಫೋನು ಗುರ್ರ್ ಅಂತು, ಮತ್ತೆ ಅಂತು, ಮುಚ್ಚಳ ಸಣ್ಣಗೆ ನಡುಗಿತು, ಸುಕನ್ಯ ಕೈಗೆ ಹತ್ತಿದ್ದ ರಾಗಿಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು — ಮೇಡಂ, ಇನ್ನೂರ ಹನ್ನೆರಡನೇ ಎಪಿಸೋಡಿಂದ ನಿಮ್ಮ ರಿವ್ಯೂನೇ ಇಲ್ಲ, ಕಾಯ್ತಿದ್ದೀವಿ — ಬಳ್ಳಾರಿ ಕಡೆಯವರು ಯಾರೋ, ಮುಖ ಕಂಡಿಲ್ಲ, ಆದರೂ ಕಾಯುತ್ತಾರೆ. ಹದಿಮೂರನೇ ಕಂಬ ಅನ್ನುವ ದೆವ್ವದ ಸೀರಿಯಲ್ಲಿನ ಅಭಿಮಾನಿಗಳ ಫೇಸ್‌ಬುಕ್ ಗುಂಪು ಅದು, ಪಿರಿಯಾಪಟ್ಟಣದ ಸುಕನ್ಯ ಮೇಡಂ ರಿವ್ಯೂ ಓದದೆ ಊಟ ಸೇರಲ್ಲ ಅಂತ ಅಲ್ಲೊಬ್ಬರು ಬರೆದದ್ದನ್ನು ಗಂಡನಿಗೆ ತೋರಿಸಿದ್ದಳು, ಅತ್ತೆಗೆ ತೋರಿಸಿರಲಿಲ್ಲ, ಅತ್ತೆಗೆ ಓದು ಬರುತ್ತಿರಲಿಲ್ಲ, ಓದಿ ಹೇಳಬಹುದಿತ್ತು, ಹೇಳಲಿಲ್ಲ. ನಡುಮನೆಯಲ್ಲಿ ಅವಳ ತಾಯಿ ಶಿವನಂಜಮ್ಮ, ಅತ್ತೆಯ ಸಾವಿಗೆಂದು ಸಾಲಿಗ್ರಾಮದಿಂದ ಬಂದವಳು, ಪಕ್ಕದ ಮನೆಯವರಿಗೆ ಹೇಳುತ್ತಿದ್ದಾಳೆ, ನನ್ ಮಗಳು ಒಂದು ಹನಿನೂ ಹಾಕ್ನಿಲ್ಲ ಕಣವ್ವ, ಕಲ್ಲಾಗ್ಬುಟ್ಟವ್ಳೆ. ಕಲ್ಲೂ ಅಲ್ಲ, ಏನೂ ಅಲ್ಲ, ಇವತ್ತಿಗೆ ಆರು ದಿನ, ಹಿಟ್ಟು ತಿರುವಿದರೆ ತೋಳು ನೋಯುತ್ತದೆ, ಅಷ್ಟು ಗೊತ್ತಾಗುತ್ತದೆ. ಒಂಬತ್ತು ವರ್ಷದಲ್ಲಿ ಅತ್ತೆ ಪುಟ್ಟತಾಯಮ್ಮನೂ ಅವಳೂ ಆಡಿದ ಮಾತೆಷ್ಟು, ಹಾಲು ಬಂತಾ, ನೀರು ಬುಟ್ರಾ, ಅಷ್ಟೇ, ಸಂಜೆ ಏಳೂವರೆಯ ಆ ಅರ್ಧ ಗಂಟೆ ಬಿಟ್ಟರೆ. ಆಗ ಮಾತ್ರ ಅತ್ತೆ ಚಾಪೆಯ ಮೇಲೆ ಕಾಲು ನೀಡಿ, ಎಲೆಅಡಿಕೆ ಕುಟ್ಟುತ್ತ, ಟಿವಿಗೇ ಬಯ್ಯುತ್ತಿದ್ದಳು — ಬಾವಿಗೆ ಬಿದ್ದು ಸತ್ತೋಳು ಕಣವ್ವ, ಜಡೆ ಹೆಂಗ್ ಒಣಗೈತೆ ನೋಡು, ದೆವ್ವ ಆದ್ರೂ ತುಟಿಗೆ ಬಣ್ಣ ಬುಟ್ಟಿಲ್ಲ — ಸುಕನ್ಯ ಅಷ್ಟನ್ನೂ ಪುಸ್ತಕದ ಕನ್ನಡಕ್ಕೆ ತಿರುಗಿಸಿ ಹಾಕುವಳು, ತನ್ನ ಹೆಸರಲ್ಲಿ, ಮುನ್ನೂರು ಲೈಕು, ಅತ್ತೆ ಕೇಳುವಳು, ಏನವ್ವ ನಗ್ತಿದ್ದೀಯೆ, ಏನಿಲ್ಲತ್ತೆ. ಸತ್ತ ಸೊಸೆ ವಸುಂಧರೆ ಮನೆಗೆ ಬಂದಳೆಂದು ಸೀರಿಯಲ್ಲಿನವರೆಲ್ಲ ಕಿರುಚಿದ ದಿನ ಅತ್ತೆ ಕುಟ್ಟುವುದು ನಿಲ್ಲಿಸಿ ಅಂದಿದ್ದಳು, ಮನೇ ಹೆಣ್ಮಗಳಲ್ವ, ಯಾಕ್ ಅಂಗ್ ಕಿರುಚ್ಕಂಡಾರು, ಉಂಡ್ಯೇನವ್ವ ಅಂತ ಕೇಳ್ಬಾರ್ದ. ಅದನ್ನೂ ಹಾಕಿದ್ದಳು, ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಲೈಕು ಬಂದದ್ದು.

ಬಾಗಿಲಲ್ಲಿ ಗಂಡ ಕೃಷ್ಣಕುಮಾರ್, ಬೈಲಕುಪ್ಪೆಗೆ ಹೋಗಿ ಬತ್ತೀನಿ, ತಿಥಿಗೆ ಪಾತ್ರೆ ಬಾಡಿಗೆಗೆ ಹೇಳ್ಬೇಕು, ನೀನ್ ಉಂಡ್ಯಾ — ಹ್ಞೂಂ ಅಂದಳು, ಉಂಡಿರಲಿಲ್ಲ, ಬೈಕಿನ ಸದ್ದು ಹೊಗೆಸೊಪ್ಪಿನ ಹೊಲ ದಾಟಿ ಸಣ್ಣದಾಯಿತು, ಒಲೆ ಆರಿಸಿದಳು, ಗೋಡೆಗೊರಗಿ ಕೂತಳು, ಬೆರಳು ತಾನಾಗಿ ಒತ್ತಿತು, ಪುಸ್ತಕದ ಕನ್ನಡ ಬರಲಿಲ್ಲ — ಇಲ್ಲೀವರ್ಗೂ ಬರ್ದಿದ್ದೆಲ್ಲ ನಾನಲ್ಲ, ನಮ್ಮತ್ತೆ ಹೇಳಿದ್ದು, ಪುಟ್ಟತಾಯಮ್ಮ ಅಂತ, ಇನ್ನೂರ ಹನ್ನೆರಡನೇ ಎಪಿಸೋಡ್ ನೋಡ್ತಾ ತೀರ್ಕೊಂಡ್ರು — ಹಾಕಿಬಿಟ್ಟಳು. ಗುರ್ರ್. ಮೇಡಂ ಇದು ಸೀರಿಯಲ್ ಕಥೇನಾ ನಿಜಾನಾ. ಗುರ್ರ್. ಅಳುವ ಮುಖ ಒಂದು, ಎಂಟು, ಇಪ್ಪತ್ತು, ಕಾಣದವರೆಲ್ಲ ಅಳುತ್ತಾರೆ, ಹಾಗಾದರೆ ಆವತ್ತಿನ ಎಪಿಸೋಡ್ ಹೇಗಿತ್ತು ಅಂತ ಒಬ್ಬರು ಕೇಳಿದರು, ಹೇಗಿತ್ತು, ಜಾಹೀರಾತು ಬಂತು, ಸುಕನ್ಯ ಹಾಲು ಇಳಿಸಲು ಎದ್ದಳು, ಬಂದು ಕೂತಳು, ಟಿವಿಯಲ್ಲಿ ವಸುಂಧರೆ ಅಡುಗೆಮನೆ ಬಾಗಿಲಿಗೆ ಬಂದಳು, ಅತ್ತೆ ಏನೂ ಅನ್ನಲಿಲ್ಲ, ಕಥೆ ಹಿಡಿಸಿರಬೇಕು ಅಂದುಕೊಂಡಳು, ಹತ್ತು ನಿಮಿಷ, ಪೂರ್ತಿ ಹತ್ತು ನಿಮಿಷ ಪಕ್ಕದಲ್ಲೇ ಕೂತು ನೋಡಿದಳು, ಆಮೇಲೆ ಕೇಳಿದಳು, ಏನತ್ತೆ, ಇವತ್ತು ಏನು ಬರೀಲಿ, ತಿರುಗಿದಳು — ಡಾಕ್ಟರು ಹಾರ್ಟು ಅಂದರು, ಅದು ಆಮೇಲೆ — ತಿರುಗಿದಳು, ಅತ್ತೆಯ ಕಣ್ಣು ತೆರೆದೇ ಇತ್ತು, ಕರಿಗುಡ್ಡೆಯಲ್ಲಿ ಕಡ್ಲೆಕಾಳಿನಷ್ಟು ಟಿವಿ, ನೀಲಿ, ಅದರೊಳಗೆ ಒಂದು ಬಿಳಿ ಸೀರೆ, ನಡೆಯುತ್ತಿತ್ತು — ಏನು ಬರೀಲಿ ಅತ್ತೆ — ರೆಪ್ಪೆ ಅಲುಗಲಿಲ್ಲ, ಕಣ್ಣೊಳಗೆ ಕಡ್ಲೆಕಾಳಿನಷ್ಟು ಟಿವಿ, ನೀಲಿ, ಬಿಳಿ ಸೀರೆ, ಕಣ್ಣೊಳಗೆ, ನಡೆಯುತ್ತ