ಬಣ್ಣ ಬರದ ನೀರು

ಚಂದ ಗುಲಾಬಿ ಬಣ್ಣ ಬಂತಲ್ಲ, ಮತ್ಯಾಕ ಮಾರಿ ಸಣ್ಣದು ಮಾಡೀದಿ ಅಂದಳು ಮಾಲವ್ವತ್ತೆ, ಶೈಲಾ ಸೀಸೆಯನ್ನು ಬೆಳಕಿಗೆ ಹಿಡಿದೇ ನಿಂತಳು — ಹೋದ ವರ್ಷಕ್ಕಿಂತ ಕಡು, ಬರಬಾರದಾಗಿತ್ತು ಇದು, ಪರೀಕ್ಷೆಯ ಪುಡಿ ಹಾಕಿದ ಹಳ್ಳದ ನೀರು ಕೆಂಪಾದಷ್ಟೂ ಗುಡ್ಡದ ಮಣ್ಣಿನ ಸತ್ವ, ಸಾರಜನಕ, ಸೋರಿಹೋಗುತ್ತಿದೆ ಎಂದೇ ಅರ್ಥ, ಅತ್ತೆಗೆ ಹೇಗೆ ಹೇಳುವುದು, ಬಿದಿರೆಲ್ಲ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸತ್ತಾಗಲೂ ನೀರು ಹೀಗೇ ಕೆಂಪಾಗಿತ್ತು, ಉಣ್ಣುವವರಿಲ್ಲದ ಮನೆಯಲ್ಲಿ ಬಡಿಸಿಟ್ಟ ಎಲೆಯ ಹಾಗೆ, ಕೊಳೆತ ತರಗೆಲೆಯ ಸತ್ವವೆಲ್ಲ ಮಳೆಯೊಂದಿಗೆ ಇಳಿದು ಹಳ್ಳ ಸೇರಿತ್ತು, ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಬಿದಿರು ಇಳಿಸಿಯೇ ಮುದುಕನಾದ ಅಪ್ಪ ಆಗ ಅಂದಿದ್ದು, ಬಿದಿರಕ್ಕಿ ಉದುರೇತಿ, ಇನ್ನ ಹೊಸಾ ಬಿದಿರು ಸುರು ಆತು ತಿಳಿ — ಬಿದಿರಿನ ಸಸಿಗಳು ಎದ್ದವು, ವರ್ಷವರ್ಷಕ್ಕೂ ಬಣ್ಣ ತಿಳಿಯಾಗುತ್ತ ಬಂತು, ನಾಳೆ ಹಳಿಯಾಳದಲ್ಲಿ ಅರಣ್ಯ ಇಲಾಖೆಯ ಸಭೆಯಲ್ಲಿ ಸಸಿಗಳೇ ಗುಡ್ಡವನ್ನು ಹಿಡಿದುಕೊಂಡಿವೆ ಎಂದು ತೋರಿಸಿದರೆ ಉಳಿಯುತ್ತವೆ, ಇಲ್ಲವೆಂದರೆ ಎಲ್ಲ ಸವರಿ ತೇಗ ನೆಡುತ್ತಾರೆ, ಈ ಗುಲಾಬಿ ಹಿಡಿದುಕೊಂಡು ಯಾವ ಬಾಯಲ್ಲಿ ಮಾತಾಡಲಿ — ಏನಿದು ವಾಸನೆ, ಕಾಡಿನದಲ್ಲ, ಹಿತ್ತಲಿನದು, ದಂಡೆಯ ಸಸಿಗಳ ಬುಡದಲ್ಲಿ ಕರಿಯ ಗುಪ್ಪೆಗಳು, ಅತ್ತಿ, ಇದೇನು ಅಂದಳು, ತಿಪ್ಪಿಗೊಬ್ಬರ, ನಸುಕಿನ್ಯಾಗ ನಾನ ತಂದು ಹಾಕೀನಿ, ಇವು ಎದ್ದು ನಿಂತ್ರ ಗುಡ್ಡ ಉಳೀತೈತಿ ಅಂತ ನೀನ ಅಂದಿದ್ದೆಲ್ಲ, ಬರೇ ಹೊಟ್ಟೀಲೆ ಹೆಂಗ ಏಳ್ತಾವು, ನಿಮ್ಮ ಮಾಮಾಗ ಹೇಳಬ್ಯಾಡ, ಕಬ್ಬಿಗಿ ಇಟ್ಟಿದ್ದು.

ಸಿಟ್ಟು ಬರಬೇಕಿತ್ತು, ನಗು ಬಂತು, ಕಬ್ಬಿನ ಹೊಲದಲ್ಲಿ ಬೆಳೆದ ಕೈ, ಹಸಿರು ಕಂಡಲ್ಲಿ ಬುಟ್ಟಿ ಸುರಿಯದೆ ಇರಲಾರದು, ಈ ಕಾಡಿಗೆ ಯಾರು ಹೊತ್ತು ಹಾಕಿದ್ದರು, ಎಲೆ ಉದುರಿ ಮಣ್ಣಾಗಿ ಬೇರಿಗೆ ಸಿಕ್ಕಿ ಮತ್ತೆ ಎಲೆ, ತನ್ನದನ್ನು ತಾನೇ ಉಣ್ಣುವ ಸಂಸಾರ — ಮುಂಜಾನೆಯ ಮಳೆ ಗೊಬ್ಬರವನ್ನೆಲ್ಲ ತೊಳೆದು ಇಲ್ಲಿಗೇ ತಂದಿದೆ, ಮ್ಯಾಲೂ ಹಾಕೀರೇನು ಅತ್ತಿ, ಎಲ್ಲೀದವಾ, ಮೊಣಕಾಲು ಒಪ್ಪಲಿಲ್ಲ, ಇಲ್ಲೇ ನಿಂತೆ — ಆ ಮೊಣಕಾಲುಗಳಿಗೆ ಪುಣ್ಯ ಬರಲಿ, ಗುಡ್ಡ ಹತ್ತು, ಜಿಗಣೆ ಹತ್ತಿದರೆ ಹತ್ತಲಿ, ಗುಡ್ಡದ ಮುಕ್ಕಾಲು ನೀರು ಕೂಡುವುದು ಗೊಬ್ಬರ ಮುಟ್ಟದ ಮೇಲಿನ ಬಂಡೆಯ ಹತ್ತಿರ, ಹಿಂದೆ ಅತ್ತೆಯ ಏದುಸಿರು, ನಿಂದ್ರ ನನ್ನವ್ವಾ, ಗುಡ್ಡ ಹತ್ತಾಕ ನಾನೇನ ಆಡು ಅಲ್ಲ — ಹೊಸ ಸೀಸೆ, ಅದೇ ಪುಡಿ, ಅಲುಗಿಸು, ಕಾಯಿ, ಗುಲಾಬಿ ಈಗ ಬರುತ್ತದೆ, ಈಗ, ಅಂಚಿನಲ್ಲೇನೋ ಕೆಂಪು, ಅಲ್ಲ, ತನ್ನದೇ ಬೆರಳು, ನೀರಿನಾಚೆ ಸಸಿಗಳು, ಆಳೆತ್ತರ, ಒಂದಕ್ಕೊಂದು ಒರಗಿ, ಎಷ್ಟು ಹೊತ್ತಾದರೂ ನೀರು ನೀರಾಗಿಯೇ ಇದೆ.

ಬಣ್ಣನ ಬರಲಿಲ್ಲಲ್ಲ, ಈಗ್ಯಾಕ ನಗತಿ, ಬರಬಾರದ ಅತ್ತಿ, ಸತ್ವ ಎಲ್ಲಾ ಬೇರು ಉಂಡಾವು, ಹಂಗಾರ ನನ್ನ ಗೊಬ್ಬರ ಬ್ಯಾಡಾಗಿತ್ತೇನ, ಬ್ಯಾಡಾಗಿತ್ತು, ಮೊದಲ ಹೇಳಬಾರದೇನ, ನನ್ನ ಸೊಂಟ ಹೋತಲ್ಲ — ಗೊಣಗುತ್ತಲೇ ಅತ್ತೆ ಕೈ ತೊಳೆಯಲು ಹಳ್ಳಕ್ಕೆ ಬಾಗಿದಳು, ಉಗುರುಸಂದಿಯಲ್ಲಿ ಇನ್ನೂ ತಿಪ್ಪೆಯ ಕರಿ, ಬಾಗಿದವಳು ಶೈಲಾಳ ಕೈಯ ತಿಳಿ ಸೀಸೆ ಕಂಡು ಹಾಗೇ ನಿಂತಳು, ಎರಡೂ ಅಂಗೈ ನೀರಿಗೆ ಗೇಣು ಮೇಲೆ, ಮುಟ್ಟದೆ, ಆಮೇಲೆ ಮೆಲ್ಲಗೆ ಕೈ ಹಿಂತೆಗೆದು ಹುಲ್ಲಿಗೆ ಒರೆಸಿದಳು.