ಜಯಕರನ ಕಾಲಡಿಯ ಸ್ವಿಚ್ಚು

ನಾನೊಂದು ಸ್ವಿಚ್ಚು. ಗೋಡೆಯ ಮೇಲೆ ಕೂತು ಬೆರಳಿನಿಂದ ಒತ್ತಿಸಿಕೊಳ್ಳುವ ಸುಖಜೀವಿಯಲ್ಲ. ನೆಲದ ಮೇಲಿದ್ದು ಕಾಲಿನಿಂದ ತುಳಿಸಿಕೊಳ್ಳುವವನು. ದೂರದ ಯಾವುದೋ ಕಾರ್ಖಾನೆಯಲ್ಲಿ ನನ್ನಂಥವರು ಸಾವಿರಗಟ್ಟಲೆ ಒಟ್ಟಿಗೇ ಹುಟ್ಟಿದೆವು. ಎಲ್ಲರಿಗೂ ತಲೆಗೊಂದು ಗುಂಡಿ, ಕೆಳಗೆ ಒಂಬತ್ತು ಕಾಲು. ಗಿಟಾರಿನ ದನಿಯನ್ನು ಒರಟಾಗಿಸುವ ಪೆಡಲ್ ಎಂಬ ಪೆಟ್ಟಿಗೆಯಲ್ಲಿ ಕೂರುವುದು ನಮ್ಮ ಹಣೆಬರಹ. ಒಮ್ಮೆ ತುಳಿದರೆ ದನಿ ಪೆಟ್ಟಿಗೆಯೊಳಗೆ ಹೊಕ್ಕು ಗುರುಗುಟ್ಟುತ್ತ ಹೊರಬರಬೇಕು. ಇನ್ನೊಮ್ಮೆ ತುಳಿದರೆ ಒಳಗೆ ಹೋಗದೆ, ಇದ್ದ ಹಾಗೆಯೇ ದಾಟಿಹೋಗಬೇಕು. ಈ ಎರಡನೆಯದೇ ನನ್ನ ನಿಜವಾದ ವಿದ್ಯೆ. ಗುರುಗುಟ್ಟುವುದು ಕೆಟ್ಟುಹೋದ ಮಿಕ್ಸರಿಗೂ ಬರುತ್ತದೆ.

ಇಂಥ ನನ್ನನ್ನು ಹುಬ್ಬಳ್ಳಿಯ ಅಂಗಡಿಯೊಂದರಿಂದ ತಂದವನು ಬೆಟಗೇರಿಯ ಜಯಕರ. ಹಗಲೆಲ್ಲ ಸುಟ್ಟ ಫ್ಯಾನುಗಳಿಗೆ ತಂತಿ ಸುತ್ತುವವನು, ಸಂಜೆಯಾದರೆ ಗಿಟಾರಿನವನು. ಅವನ ಮಾತು ನಂಬುವುದಾದರೆ ಗದಗ ಜಿಲ್ಲೆಯಲ್ಲಿ ಗಿಟಾರು ಬಲ್ಲವರು ಇಬ್ಬರೇ. ಅದರಲ್ಲಿ ಇನ್ನೊಬ್ಬ ತೀರಿಕೊಂಡಿದ್ದಾನೆ.

ಪೆಟ್ಟಿಗೆಗೆಂದು ತಂಗಿ ಸುಗುಣಾಳ ಸ್ಟೀಲಿನ ಊಟದ ಡಬ್ಬಿಗೆ ಕೇಳದೆ ತೂತು ಕೊರೆದ. ಸುಗುಣಾ ಬಾಲವಾಡಿಯ ಟೀಚರು, ಚರ್ಚಿನಲ್ಲಿ ಹಾಡುವವಳು. ವರ್ಷಗಟ್ಟಲೆ ಬೆನ್ನು ಬಿದ್ದು ಹಾದಿಮನಿ ಮಾಸ್ತರರ ಆರ್ಕೆಸ್ಟ್ರಾದಲ್ಲಿ ಒಂದು ಹಾಡಿಗೆ ಅವಕಾಶ ಗಿಟ್ಟಿಸಿದ್ದಳು. ಚೆನ್ನಾಗಿ ಹಾಡಿದರೆ ಕಾಯಂ ಗಾಯಕಿ, ಕೆಡಿಸಿದರೆ ಮತ್ತೆ ಬಾಗಿಲಿಗೆ ಬರಕೂಡದು ಎಂದಿದ್ದರು ಮಾಸ್ತರರು. ಹಾಡು ನಿಧಾನದ್ದು, ಅದಕ್ಕೆ ಗಿಟಾರಿನ ಬರಿಯ ದನಿ ಸಾಕು. "ನಾ ಇಲ್ದ ಇಕಿ ಏನ್ ಹಾಡ್ತಾಳ?" ಎಂದು ಜಯಕರ ತಾನೇ ನಡುವೆ ತೂರಿಕೊಂಡ.

ಮೊಬೈಲಿನಲ್ಲಿ ನಕ್ಷೆ ನೋಡುತ್ತ ನನ್ನ ಕಾಲುಗಳಿಗೆ ಬೆಸುಗೆ ಹಾಕಿದ. ಎಲ್ಲ ತಂತಿಗಳೂ ಸರಿಯಾಗಿಯೇ ಕೂತವು, ಒಂದರ ಹೊರತು. ಅದು ನನ್ನ ಎರಡು ಕಾಲುಗಳನ್ನು ನೇರವಾಗಿ ಜೋಡಿಸುವ ಗಿಡ್ಡ ತಂತಿ. ದನಿ ಇದ್ದ ಹಾಗೆ ದಾಟಿಹೋಗುವ ದಾರಿಯೇ ಅದು. ಫ್ಯಾನು ಸುತ್ತುವವನಿಗೆ ಹಾಗೆ ಕಾಲಿಗೆ ಕಾಲು ಕೂಡಿಸಿದ ತಂತಿಯೆಂದರೆ ಹೊಗೆ, ಸುಟ್ಟ ವಾಸನೆ, ಗಿರಾಕಿಯ ಬೈಗುಳ.

"ಇದನ್ನ ಹಚ್ಚಿದ್ರ ಶಾರ್ಟ್ ಆಗ್ತದ. ನಕ್ಷಾ ಬರದವಗ ತಲಿ ಇಲ್ಲ," ಎಂದು ಅದನ್ನು ಬಿಟ್ಟೇಬಿಟ್ಟ.

ನನ್ನನ್ನು ಒತ್ತಿದ. ಪಕ್ಕದ ಕೆಂಪು ದೀಪ ಹತ್ತಿತು, ಗಿಟಾರು ಗುರುಗುಟ್ಟಿತು. ಜಯಕರನ ಮುಖ ಊರಗಲವಾಯಿತು.

"ಅಣ್ಣಾ, ಬಂದ್ ಮಾಡಿ ಬಾರಿಸಿದ್ರ ಹೆಂಗ ಕೇಳ್ತದ, ನೋಡೀಯೇನು?" ಸುಗುಣಾ ಕೇಳಿದಳು.

"ದೀಪ ಹತ್ತತದ, ಆರತದ. ಇನ್ನೇನ್ ನೋಡೋದು?"

ಅವನ ಅಂಗಡಿಯ ಕಾನೂನೇ ಅದು. ಟೆಸ್ಟ್ ಲ್ಯಾಂಪು ಹತ್ತಿದರೆ ಫ್ಯಾನು ಪಾಸು. ಕಿವಿಗೆ ಅಲ್ಲಿ ಯಾವ ಕೆಲಸವೂ ಇಲ್ಲ.

ಮದುವೆಯೊಂದರ ಆರತಕ್ಷತೆಯಲ್ಲಿ ಕಾರ್ಯಕ್ರಮ. ಮೊದಲು ಜಯಕರ ಒಬ್ಬನೇ ಗುರುಗುಟ್ಟಿಸಿ ಮೆರೆದ. ಸುಗುಣಾ ಮೈಕಿನ ಮುಂದೆ ನಿಂತಾಗ ನನ್ನನ್ನು ತುಳಿದ. ದೀಪ ಆರಿತು. ಗಿಟಾರಿನ ದನಿಯೂ ಆರಿತು. ಮತ್ತೆ ತುಳಿದ, ಮುಂದಿನ ಸಾಲಿನ ಕೂಸು ಬೆಚ್ಚಿ ಅಳುವಂಥ ಅಬ್ಬರ. ಮತ್ತೆ ತುಳಿದ, ಮೌನ. ನನ್ನನ್ನು ಬದಿಗಿಟ್ಟು ಗಿಟಾರಿನ ವಯರನ್ನು ನೇರವಾಗಿ ಸ್ಪೀಕರಿಗೆ ಚುಚ್ಚಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ತಾನು ಮಾಡಿದ್ದು ಕೆಟ್ಟಿದೆ ಎಂದು ಅಷ್ಟು ಜನರೆದುರು ಒಪ್ಪುವುದು ಹೇಗೆ? ಮಹಾಶಯ ಕಣ್ಣು ಮುಚ್ಚಿ, ತಲೆಯಾಡಿಸುತ್ತ, ದನಿಯಿಲ್ಲದ ತಂತಿಗಳ ಮೇಲೆ ಬೆರಳಾಡಿಸುತ್ತಲೇ ಇದ್ದ. ಅಂಥವನ ಕಾಲಡಿಯಲ್ಲಿದ್ದುದಕ್ಕೆ ನನಗೆ ಹೇಸಿಗೆಯಾಯಿತು.

ಸುಗುಣಾ ಒಮ್ಮೆ ಅಣ್ಣನತ್ತ ನೋಡಿದಳು. ಆಮೇಲೆ ನೋಡಲಿಲ್ಲ. ಒಬ್ಬಳೇ ಹಾಡಿದಳು. ಎರಡನೆಯ ಸಾಲಿಗೆ ಅವಳ ಪಾದ ತಾನೇ ತಾಳ ಹಾಕತೊಡಗಿತು. ಊಟದ ಪಂಕ್ತಿಗೆ ಎದ್ದವರು ಹಾಗೇ ನಿಂತುಬಿಟ್ಟರು.

"ತಂಗೀ, ನಾಡಿದ್ದು ಹೊಸಪೇಟಿ ಪ್ರೋಗ್ರಾಮಿಗೆ ಬಾರವಾ," ಎಂದರು ಹಾದಿಮನಿ ಮಾಸ್ತರರು. ಕರೆ ಅವಳೊಬ್ಬಳಿಗೇ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ನನ್ನನ್ನು ಕಿತ್ತು, "ಸ್ವಿಚ್ ಡೂಪ್ಲಿಕೇಟ್" ಎಂದು ಬಂದವರಿಗೆಲ್ಲ ತೋರಿಸಿದ. ಅಷ್ಟರಲ್ಲಿ ಸುಗುಣಾ ಬಂದಳು. ಮಾತು ಬದಲಾಯಿತು.

"ನಿನ್ನೆ ನಾನ ಬೇಕಂತ ಬಂದ್ ಮಾಡ್ದೆ. ನಿನ್ನ ದನಿ ಎಲ್ಲಾರಿಗೂ ಕೇಳ್ಲಿ ಅಂತ. ಮಾಸ್ತರಿಗೆ ಹೇಳು, ಹೊಸಪೇಟಿಗೆ ನಾನೂ ಬರ್ತೀನಿ."

"ಹೌದಣ್ಣಾ, ಕೇಳ್ತು. ಹೊಸಪೇಟ್ಯಾಗೂ ಹಂಗ ಕೇಳ್ಲಿ. ನೀ ಬರಬ್ಯಾಡ."

ನಾನು ಅವನ ಮುಷ್ಟಿಯಲ್ಲಿದ್ದೆ. ಅವನು ಹಿಸುಕಿದ ರಭಸಕ್ಕೆ ನನ್ನ ಮೂರು ಕಾಲು ಸೊಟ್ಟಗಾದವು. ಯಾರಾದರೂ ಅವನಿಗೆ ಹಾಗೆ ಹೇಳಲಿ ಎಂದು ಕಾದಿದ್ದವನು ನಾನು. ಹೇಳಿದಾಗ ನಗು ಬರಲಿಲ್ಲ.

ಈಗ ಹಳೆಯ ಸ್ಕ್ರೂಗಳ ಡಬ್ಬಿಯಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಜಯಕರ ಹೊಸ ಸ್ವಿಚ್ಚು ತಂದು ಹಾಕಿದ, ಆ ಗಿಡ್ಡ ತಂತಿಯನ್ನು ಅದಕ್ಕೂ ಹಾಕಲಿಲ್ಲ. ಅವನನ್ನು ಕಂಡರೆ ನನಗೆ ಇಂದಿಗೂ ತಾತ್ಸಾರವೇ. ಆದರೆ ಯಾರಾದರೂ ಮೊಬೈಲಿನಲ್ಲಿ ಸುಗುಣಾಳ ಹಾಡು ಹಚ್ಚಿದರೆ ಅವನು ಕೈಯಲ್ಲಿದ್ದ ಕೆಲಸ ಬಿಟ್ಟು, ಫ್ಯಾನುಗಳನ್ನೆಲ್ಲ ನಿಲ್ಲಿಸಿ, ಕೊನೆಯವರೆಗೂ ಕೇಳುತ್ತಾನೆ. ಕಣ್ಣು ಒರೆಸಿಕೊಳ್ಳುತ್ತಾನೆ. ಆಮೇಲೆ ಗಿರಾಕಿಯ ಕಡೆ ತಿರುಗಿ, "ಅವತ್ತು ನಾನ ಬೇಕಂತ ಬಂದ್ ಮಾಡ್ದೆ," ಎನ್ನುತ್ತಾನೆ.